ಪೆಡಲ್ ಸಡಿಲವಾದಾಗ: ಕ್ಲಚ್, ಬ್ರೇಕ್ ಪೆಡಲ್ ಜೋಡಣೆಯನ್ನು ಬಿಚ್ಚಿ ಸರಿಪಡಿಸುವ ಕ್ರಮ

ಉತ್ತರ ಕನ್ನಡದ ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಲಾರಿಗಳ ಹಿಂದೆ ಹತ್ತುವಾಗ ಎಡಗಾಲಿಗೆ ಬಿಡುವಿರುವುದಿಲ್ಲ. ಇಳಿಯುವಾಗ ಬಲಗಾಲಿಗೆ ಬಿಡುವಿರುವುದಿಲ್ಲ. ಹೀಗೆ ವರ್ಷಗಟ್ಟಲೆ ಓಡಿದ ಕಾರಿನಲ್ಲಿ ಕ್ಲಚ್ ಪೆಡಲ್ ಅಕ್ಕಪಕ್ಕಕ್ಕೆ ಅಲುಗತೊಡಗಿದರೆ, ಒತ್ತಿದಾಗ ಕಿರುಗುಟ್ಟಿದರೆ, ಬಿಟ್ಟಾಗ ತಡವಾಗಿ ಮೇಲೆದ್ದರೆ ಬಹಳಷ್ಟು ಮಂದಿ ಕ್ಲಚ್ ಪ್ಲೇಟ್ ಬದಲಿಸುವ ಮಾತಿನಿಂದಲೇ ಶುರು ಮಾಡುತ್ತಾರೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಖರ್ಚೂ ದೊಡ್ಡದು. ಮೊದಲು ನೋಡಬೇಕಾದದ್ದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಪೆಡಲ್‌ಗಳು ತೂಗುವ ಬ್ರಾಕೆಟ್, ಅದರ ಶಾಫ್ಟ್ (ಪೆಡಲ್‌ಗಳು ತಿರುಗುವ ಅಡ್ಡ ಸರಳು) ಮತ್ತು ಬುಷ್‌ಗಳನ್ನು (ಶಾಫ್ಟಿನ ಸುತ್ತ ಕೂರುವ ಕೊಳವೆಯಂತಹ ಉಂಗುರಗಳು). ಕರಾವಳಿಯ ಉಪ್ಪುಗಾಳಿ ಅಲ್ಲಿಗೂ ತಲುಪುತ್ತದೆ. ಮರದಡಿ ನಿಲ್ಲಿಸಿದ ಕಾರಿನ ಮುಂಗಾಜಿನ ಕೆಳಗಿನ ನೀರಿನ ದಾರಿಯಲ್ಲಿ ಎಲೆ ತುಂಬಿದರೆ ಮಳೆನೀರೂ ಅಲ್ಲಿಗೇ ಇಳಿಯಬಹುದು.

ಇಲ್ಲಿ ಹೇಳುವ ಕ್ರಮ ಕೇಬಲ್ ಕ್ಲಚ್ ಇರುವ, ಎರಡೂ ಪೆಡಲ್‌ಗಳು ಒಂದೇ ಶಾಫ್ಟಿನ ಮೇಲೆ ತೂಗುವ ಹಳೆಯ ಸಣ್ಣ ಕಾರುಗಳಿಗೆ ಹೊಂದುತ್ತದೆ. ಏರ್‌ಬ್ಯಾಗ್ ಇರುವ ಅಥವಾ ಪೆಡಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಜೋಡಿಸಿದ ಹೊಸ ಕಾರುಗಳನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಡುವುದೇ ಸರಿ. ಅಂಕಿಗಳೂ ಕಾರಿನಿಂದ ಕಾರಿಗೆ ಬದಲಾಗುವುದರಿಂದ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಮಾತೇ ಅಂತಿಮ.

ಸವೆತ ಎಲ್ಲಿದೆ ಎಂಬುದನ್ನು ಬಿಚ್ಚುವ ಮೊದಲೇ ಪತ್ತೆ ಮಾಡಬಹುದು. ಪಾದ ಇಡುವ ರಬ್ಬರ್ ಒಂದೇ ಬದಿಯಲ್ಲಿ ತೆಳುವಾಗಿದ್ದರೆ ಪೆಡಲ್ ಓರೆಯಾಗಿ ತೂಗುತ್ತಿರಬಹುದು. ಟಾರ್ಚ್ ಹಿಡಿದು ಕೆಳಗೆ ಮಲಗಿ, ಒಬ್ಬರು ಪೆಡಲನ್ನು ಕೈಯಿಂದ ಅಕ್ಕಪಕ್ಕಕ್ಕೆ ಅಲುಗಿಸುತ್ತಿರುವಾಗ ಮೇಲೆ ನೋಡಿದರೆ ಅಲುಗಾಟ ಬುಷ್‌ನಲ್ಲಿದೆಯೋ, ಪುಶ್ ರಾಡ್ (ಬ್ರೇಕ್ ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ ತುಂಬಿದ ಮಾಸ್ಟರ್ ಸಿಲಿಂಡರಿಗೆ ತಲುಪಿಸುವ ಸರಳು) ಸೇರುವ ಪಿನ್ನಿನಲ್ಲಿದೆಯೋ, ಇಲ್ಲವೇ ಬ್ರಾಕೆಟ್ಟೇ ಬಾಡಿಯಿಂದ ಬಿಟ್ಟಿದೆಯೋ ಎಂಬುದು ಸ್ಪಷ್ಟವಾಗುತ್ತದೆ. ಪೆಡಲ್ ಒಂದು ಸನ್ನೆಗೋಲು ಎಂಬುದನ್ನು ಮರೆಯಬಾರದು. ಶಾಫ್ಟಿನಿಂದ ಪುಶ್ ರಾಡ್ ಪಿನ್ನಿಗೆ 5 ಸೆಂ.ಮೀ., ಪಾದದ ಜಾಗಕ್ಕೆ 25 ಸೆಂ.ಮೀ. ದೂರವಿದ್ದರೆ, ಪಿನ್ನಿನಲ್ಲಿ ಆದ 1 ಮಿ.ಮೀ. ಸವೆತ ಪಾದಕ್ಕೆ 5 ಮಿ.ಮೀ. ಆಗಿ ಕಾಣಿಸುತ್ತದೆ. ಬ್ರೇಕ್ ಆಳಕ್ಕೆ ಹೋಗುತ್ತಿದೆ ಎಂಬ ಎಷ್ಟೋ ದೂರುಗಳ ಒಂದು ಪಾಲು ಇಂತಹ ಸವೆದ ಪಿನ್ನಿನಲ್ಲೇ ಇರುತ್ತದೆ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಬೇಕು. ಯಾವುದನ್ನೂ ಮುಟ್ಟುವ ಮುನ್ನ ಎರಡೂ ಪೆಡಲ್‌ಗಳ ಎತ್ತರವನ್ನು ಕಾರಿನ ಒಳನೆಲದಿಂದ ಅಳೆದು ಬರೆದಿಟ್ಟುಕೊಳ್ಳಿ; ಸ್ಪ್ರಿಂಗ್ ಯಾವ ರಂಧ್ರದಿಂದ ಯಾವ ಕೊಕ್ಕೆಗೆ ಹೋಗಿದೆ, ವಾಷರ್‌ಗಳು ಯಾವ ಕ್ರಮದಲ್ಲಿವೆ ಎಂಬುದರ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದಿಡಿ. ಬಳಿಕ ಗೇರ್‌ಬಾಕ್ಸ್ ಬದಿಯ ಹೊಂದಾಣಿಕೆ ನಟ್ಟನ್ನು ಸಡಿಲಿಸಿ ಕ್ಲಚ್ ಕೇಬಲ್ಲನ್ನು ಪೆಡಲಿನ ಕೊಕ್ಕೆಯಿಂದ ಬಿಡಿಸಬೇಕು. ರಿಟರ್ನ್ ಸ್ಪ್ರಿಂಗ್ ಕಳಚುವಾಗ ಕಣ್ಣಿಗೆ ಕನ್ನಡಕ ಇರಲಿ, ಅದು ಎಗರುವುದು ಮುಖದ ಕಡೆಗೇ. ಬ್ರೇಕ್ ಲೈಟ್ ಸ್ವಿಚ್ಚಿನ ತಂತಿ ತೆಗೆದು, ಪುಶ್ ರಾಡನ್ನು ಪೆಡಲಿಗೆ ಸೇರಿಸುವ ಕ್ಲೆವಿಸ್ ಪಿನ್ನಿನ ಸ್ಪ್ಲಿಟ್ ಪಿನ್ (ಅದು ಜಾರದಂತೆ ತಡೆಯುವ ಎರಡು ಕಾಲಿನ ತಂತಿ) ನೇರಮಾಡಿ ಎಳೆದು, ಪುಶ್ ರಾಡನ್ನು ಬೇರ್ಪಡಿಸಿ. ಪುಶ್ ರಾಡಿನ ಉದ್ದ ನಿಗದಿಪಡಿಸುವ ಲಾಕ್ ನಟ್ಟನ್ನು ಮಾತ್ರ ಈ ಹಂತದಲ್ಲಿ ತಿರುಗಿಸಬಾರದು. ಕೊನೆಗೆ ಶಾಫ್ಟಿನ ನಟ್ಟು ಬಿಚ್ಚಿ, ಪೆಡಲ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಶಾಫ್ಟನ್ನು ಪಕ್ಕಕ್ಕೆ ಎಳೆಯಬೇಕು. ತುಕ್ಕು ಹಿಡಿದು ಕೂತಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಸುತ್ತಿಗೆಯ ಏಟಿಗೆ ಬ್ರಾಕೆಟ್ಟಿನ ವೆಲ್ಡಿಂಗ್ ಬಿಡಬಹುದು.

ಲೋಹದ ಭಾಗಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ತಂತಿ ಬ್ರಷ್‌ನಿಂದ ಉಜ್ಜಿ ಒಣಗಿಸಿದ ಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಶಾಫ್ಟನ್ನು ಬುಷ್ ಕೂರುವ ಜಾಗದಲ್ಲೂ ಏನೂ ಉಜ್ಜದ ಜಾಗದಲ್ಲೂ ಅಳೆದು ಹೋಲಿಸಬೇಕು. ಉಗುರಿಗೆ ಸಿಗುವಷ್ಟು ಗೀರು ಬಿದ್ದ ಶಾಫ್ಟಿಗೆ ಹೊಸ ಬುಷ್ ಹಾಕಿದರೆ ಬುಷ್ ಬೇಗನೆ ಹಾಳಾಗುತ್ತದೆ, ಶಾಫ್ಟನ್ನೂ ಬದಲಿಸಲೇಬೇಕು. ಪಿನ್ನಿನ ರಂಧ್ರ ದುಂಡಗಿದೆಯೋ ಮೊಟ್ಟೆಯಾಕಾರಕ್ಕೆ ತಿರುಗಿದೆಯೋ ಎಂಬುದನ್ನು ಹೊಸ ಪಿನ್ ಹಾಕಿ ನೋಡಿ. ಪೆಡಲ್ ತೋಳಿನ ಬಾಗು, ಬೆಸುಗೆಯ ಬಳಿಯ ಕೂದಲೆಳೆಯ ಬಿರುಕು, ಎಂಜಿನ್ ಕೋಣೆಯ ಗೋಡೆಗೆ ಬ್ರಾಕೆಟ್ ಅಂಟಿದಲ್ಲಿನ ತುಕ್ಕು, ಇವು ಮೂರನ್ನೂ ಬೆಳಕಿನಲ್ಲಿ ಹುಡುಕಬೇಕು. ಕ್ಲಚ್ ಪೆಡಲಿನ ಮೊಟ್ಟೆಯಾಕಾರದ ರಂಧ್ರವನ್ನು ರೀಮ್ ಮಾಡಿಸಿ (ದುಂಡಗೆ ಕೊರೆಸಿ) ಒಳಗೆ ಸಣ್ಣ ಬುಷ್ ಹಾಕಿಸಿಕೊಳ್ಳಬಹುದು. ಬ್ರೇಕ್ ಪೆಡಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ: ಬಿರುಕಾಗಲಿ ಬಾಗಾಗಲಿ ರಂಧ್ರದ ಸವೆತವಾಗಲಿ ಕಂಡರೆ ಹೊಸ ಪೆಡಲ್ ತರಬೇಕು, ವೆಲ್ಡಿಂಗಿನವರ ಬಳಿ ಹೋಗಬಾರದು.

ಬುಷ್‌ಗಳು ಪ್ಲಾಸ್ಟಿಕ್ಕಿನವಾದರೆ ಬಿಡಿಭಾಗದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಹೆಬ್ಬೆರಳಿನ ಒತ್ತಡಕ್ಕೇ ಕೂರುತ್ತವೆ. ಆದರೆ ಪ್ಲಾಸ್ಟಿಕ್‌ಗಳಲ್ಲಿ ನೈಲಾನ್ ತೇವವನ್ನು ಹೀರಿ ಸ್ವಲ್ಪ ಊದಿಕೊಳ್ಳುವ ವಸ್ತು; ಮಳೆಗಾಲದಲ್ಲಿ ಪೆಡಲ್ ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲಾಗುವುದಕ್ಕೆ ಅದೂ ಒಂದು ಕಾರಣವಾಗಬಹುದು. ಬುಷ್ ಸಿಗದ ಹಳೆಯ ಮಾದರಿಗೆ ಲೇತ್ ಶಾಪಿನಲ್ಲಿ ಗನ್‌ಮೆಟಲ್ (ತಾಮ್ರ, ತವರ, ಸತುವಿನ ಮಿಶ್ರಲೋಹ) ಬುಷ್ ಮಾಡಿಸುವುದು ಒಳ್ಳೆಯ ದಾರಿ. ಮೀನುಗಾರಿಕೆ ದೋಣಿಗಳ ಶಾಫ್ಟ್ ಕೆಲಸ ಮಾಡುವ ಲೇತ್‌ನವರಿಗೆ ಈ ಲೋಹ ಹೊಸದಲ್ಲ. ಅವರಿಗೆ ಹಳೆಯ ಬುಷ್ಷನ್ನಲ್ಲ, ಶಾಫ್ಟನ್ನೂ ಪೆಡಲನ್ನೂ ಕೊಡಬೇಕು. ಸವೆದ ಬುಷ್ಷಿನ ಅಳತೆಯಿಂದ ಸವೆದ ಬುಷ್ಷೇ ತಯಾರಾಗುತ್ತದೆ. ಗನ್‌ಮೆಟಲ್ ಬುಷ್ಷನ್ನು ವೈಸ್‌ನಲ್ಲಿ ನೇರವಾಗಿ ಒತ್ತಿ ಕೂರಿಸಿದಾಗ ಅದರ ಒಳವ್ಯಾಸ ತುಸು ಕುಗ್ಗುವುದರಿಂದ, ಕೂರಿಸಿದ ಮೇಲೆಯೇ ರೀಮರ್ ಹಾಯಿಸಿ, ಶಾಫ್ಟ್ ಅಲುಗಾಟವಿಲ್ಲದೆ ತನ್ನ ಭಾರಕ್ಕೆ ಜಾರುವಷ್ಟು ಮಾಡಿಸಬೇಕು.

ತುಕ್ಕು ತೆಗೆದ ಜಾಗಕ್ಕೆ ಪ್ರೈಮರ್, ಬಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ಮಳೆಗಾಲವಾದರೆ ಅದಕ್ಕೆ ಹೆಚ್ಚು ಸಮಯ ಬೇಕು. ಲೋಹದ ಬುಷ್ಷಿಗೆ ಲಿಥಿಯಂ ಗ್ರೀಸ್, ಪ್ಲಾಸ್ಟಿಕ್ ಬುಷ್ಷಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸಾಕು; ಎಂಜಿನ್ ಆಯಿಲ್ ಹಾಕಿದರೆ ಮರಳೂ ಧೂಳೂ ಅಂಟಿ ಅರೆಯುವ ಹಿಟ್ಟಾಗುತ್ತದೆ. ಮಾಸ್ಟರ್ ಸಿಲಿಂಡರಿನ ರಬ್ಬರಿಗೆ ಸಾಮಾನ್ಯ ಗ್ರೀಸ್ ತಾಗಬಾರದು. ಜೋಡಣೆ ಬಿಚ್ಚಿದ ಕ್ರಮಕ್ಕೆ ತಿರುವು ಮುರುವಾಗಿ ನಡೆಯುತ್ತದೆ. ಸ್ಪ್ಲಿಟ್ ಪಿನ್‌ಗಳನ್ನು ಮಾತ್ರ ಎಂದಿಗೂ ಮರುಬಳಕೆ ಮಾಡಬೇಡಿ.

ಹೊಂದಾಣಿಕೆಯಲ್ಲಿ ಬ್ರೇಕ್ ಮೊದಲು. ಪೆಡಲಿನ ಎತ್ತರ ಕೈಪಿಡಿಗೆ ತಕ್ಕಂತಿದೆಯೇ ನೋಡಿ, ಪಾದದಲ್ಲಿ ಕೆಲವು ಮಿ.ಮೀ.ನಷ್ಟು ಖಾಲಿ ಚಲನೆ (ಪೆಡಲ್ ಕೆಲಸ ಶುರುಮಾಡುವ ಮೊದಲಿನ ಸಡಿಲ ಓಟ) ಉಳಿಸಲೇಬೇಕು. ಸವೆತವೆಲ್ಲ ಹೋದ ಹೊಸ ಜೋಡಣೆಯಲ್ಲಿ, ಮೊದಲು ಸವೆತಕ್ಕೆಂದು ಯಾರೋ ಉದ್ದ ಮಾಡಿದ್ದ ಪುಶ್ ರಾಡ್ ಈಗ ಅತಿಯಾಗಬಹುದು. ಅದು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಸ್ವಲ್ಪವೇ ಒತ್ತಿಹಿಡಿದರೂ ಬ್ರೇಕ್ ಆಯಿಲ್ ಹಿಂದಿರುಗುವ ರಂಧ್ರ ಮುಚ್ಚಿ, ಬ್ರೇಕ್ ಹಿಡಿದುಕೊಂಡೇ ಉಳಿದು, ಘಟ್ಟ ಇಳಿಯುವಾಗ ಕಾದು ಹಿಡಿತ ತಪ್ಪುವ ಅಪಾಯವಿದೆ. ಹಾಗಿದ್ದರೆ ಮಾತ್ರ ಲಾಕ್ ನಟ್ಟನ್ನು ಮುಟ್ಟಿ. ಕ್ಲಚ್ ಪೆಡಲಿಗೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಖಾಲಿ ಚಲನೆ ಬೇಕು. ಕಡಿಮೆಯಾದರೆ ಪ್ಲೇಟ್ ಜಾರಿ ಬೇರಿಂಗ್ ಸವೆಯುತ್ತದೆ, ಹೆಚ್ಚಾದರೆ ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ.

ಬ್ಯಾಟರಿ ಜೋಡಿಸಿ, ಪೆಡಲ್ ಒತ್ತಿದ ಕೂಡಲೇ ಬ್ರೇಕ್ ಲೈಟ್ ಹೊತ್ತಿ ಬಿಟ್ಟಾಗ ಆರುತ್ತದೆಯೇ ಎಂದು ನೋಡಿ. ಬೂಸ್ಟರ್ (ಪಾದದ ಒತ್ತಡವನ್ನು ಹೆಚ್ಚಿಸುವ ಸಾಧನ) ಇರುವ ಕಾರಾದರೆ ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕಾರು ಬಾರಿ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು; ಬಳಿಕ ಅರ್ಧ ನಿಮಿಷ ಬಲವಾಗಿ ಒತ್ತಿದರೂ ಇನ್ನಷ್ಟು ಇಳಿಯಬಾರದು. ಖಾಲಿ ಬಯಲಿನಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಕೈಯಿಟ್ಟು ಯಾವುದೂ ಅತಿಯಾಗಿ ಬಿಸಿಯಾಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಘಟ್ಟದ ರಸ್ತೆಗೆ ಇಳಿಯಿರಿ. ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಬುಷ್‌ಗಳು ಹೊಂದಿಕೊಂಡಿರುತ್ತವೆ. ಆಗ ಎರಡೂ ಪೆಡಲ್‌ಗಳ ಖಾಲಿ ಚಲನೆಯನ್ನೂ ಶಾಫ್ಟಿನ ನಟ್ಟಿನ ಬಿಗಿಯನ್ನೂ ಇನ್ನೊಮ್ಮೆ ನೋಡಬೇಕು.