ಹಣ ಕಳಿಸುವ ಕೌಂಟರಿನಲ್ಲಿ ಕೂತು ದೆಹಲಿಯ ಲೆಕ್ಕ ಹಾಕಿದೆ: ನನ್ನ ಅನುಭವ

2024ರ ಮೇ 25ರಂದು, ಲೋಕಸಭೆ ಚುನಾವಣೆಯಲ್ಲಿ ಯಾರಿಗೆ ಎಷ್ಟು ಸೀಟು ಅಂತ ಒಂದು ಚೀಟಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಸಹಿ ಮಾಡಿ ಗೆಳೆಯರೊಬ್ಬರ ಕೈಗೆ ಕೊಟ್ಟಿದ್ದೆ. ಅವರದ್ದು ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲೇ ಅಡಿಕೆ ವ್ಯಾಪಾರ. ಚೀಟಿಯಲ್ಲಿ ಮೂರೇ ಸಾಲು. ಬಿಜೆಪಿ 255. ಎನ್‌ಡಿಎ 305. ಸರ್ಕಾರ ಅವರದ್ದೇ, ಆದರೆ ಬಿಜೆಪಿಗೆ ಸ್ವಂತ ಬಲ ಇಲ್ಲ.

ಜೂನ್ 1ರ ಸಂಜೆ ಟಿವಿಯವರೆಲ್ಲ ಎನ್‌ಡಿಎಗೆ 350ರಿಂದ 400 ಅಂತ ಹೇಳಿದರು. ಗೆಳೆಯರು ಫೋನ್ ಮಾಡಿ, 'ಲಕೋಟೆ ಹರಿದು ಬಿಸಾಡಿಬಿಡ್ಲಾ ಮಾರಾಯ್ರೆ, ಯಾರಿಗೂ ಹೇಳುದಿಲ್ಲ' ಅಂದರು. ಬೇಡ, ಇರಲಿ ಅಂದೆ. ಜೂನ್ 4ಕ್ಕೆ ಬಂದದ್ದು 240 ಮತ್ತು 293. ಸಂಜೆ ಅವರ ಅಂಗಡಿಯಲ್ಲಿ ಏಳೆಂಟು ಜನರ ಎದುರು ಲಕೋಟೆ ಒಡೆದರು. ಆ ದಿನದ ಖುಷಿ ನನಗೆ ಈಗಲೂ ಇದೆ.

ಅದಕ್ಕೆ ಮೊದಲು ಎಷ್ಟು ಸಲ ಬಿದ್ದಿದ್ದೇನೆ ಅಂತ ಹೇಳಬೇಕು. ಈ ಕೆಲಸ ಮಾಡುವವರಿಗೆ ಉಪಯೋಗ ಆಗುವುದು ಅದೇ.

2019ರಲ್ಲಿ ನಾನು ಕಾಂಗ್ರೆಸ್ ಕೂಟ ಗೆಲ್ಲುತ್ತದೆ ಅಂದಿದ್ದೆ. ಕಾರಣ ಸುಲಭ. ರಾಹುಲ್ ಗಾಂಧಿ ವಯನಾಡಿಗೆ ಬಂದಿದ್ದರು. ಮಂಜೇಶ್ವರದಿಂದ ಪಯ್ಯನ್ನೂರಿನವರೆಗೆ ಯಾರನ್ನು ಕೇಳಿದರೂ ಗಾಳಿ ಒಂದೇ ಕಡೆಗೆ. ಕೇರಳದಲ್ಲಿ 20ರಲ್ಲಿ 19 ಕಾಂಗ್ರೆಸ್ಸಿನ ಯುಡಿಎಫ್ ಕೂಟಕ್ಕೆ ಬಂತು. ನಮ್ಮ ಕಾಸರಗೋಡಿನಲ್ಲಿ ಕಾಂಗ್ರೆಸ್ಸಿನ ಉಣ್ಣಿತ್ತಾನ್ 40 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ದೇಶದಲ್ಲಿ ಬಿಜೆಪಿ 303! ಕಾಸರಗೋಡಿನ ಕಿಟಕಿಯಿಂದ ನೋಡಿದರೆ ದೆಹಲಿ ತಲೆಕೆಳಗಾಗಿ ಕಾಣುತ್ತದೆ. ಇದು ಹೊಸದೂ ಅಲ್ಲ. 1977ರಲ್ಲಿ ದೇಶವೇ ಇಂದಿರಾ ಗಾಂಧಿಯವರನ್ನು ಇಳಿಸಿದಾಗ ಕೇರಳ ಇಪ್ಪತ್ತಕ್ಕೆ ಇಪ್ಪತ್ತೂ ಅವರ ಕೂಟಕ್ಕೆ ಕೊಟ್ಟಿತ್ತು. ಕಾಸರಗೋಡಿನಲ್ಲೂ ಆಗ ಕಾಂಗ್ರೆಸ್ಸಿನ ಕಡನ್ನಪಳ್ಳಿ ರಾಮಚಂದ್ರನ್ ಅವರೇ. ಅಪ್ಪ ಇದನ್ನು ಎಷ್ಟೋ ಸಲ ಹೇಳಿದ್ದರು. ಆದರೂ ನಾನು ಅದೇ ಗುಂಡಿಗೆ ಬಿದ್ದೆ.

ಅದೇ ವರ್ಷ ದುಡ್ಡೂ ಹೋಯಿತು. ಉತ್ತರ ಭಾರತದ ಸರ್ವೆ ಮಾಡಿಸಿ ಕೊಡುತ್ತೇನೆ ಅಂತ ಒಬ್ಬರು ಸಿಕ್ಕಿದರು. 38 ಸಾವಿರವೋ 40 ಸಾವಿರವೋ ಕೊಟ್ಟೆ. ಆರುನೂರು ಫಾರ್ಮ್ ಬಂತು. ಚುನಾವಣೆ ಮುಗಿದ ಮೇಲೆ ಒಂದು ರಾತ್ರಿ ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿದೆ. '7' ಬರೆಯುವಾಗ ಮಧ್ಯೆ ಅಡ್ಡಗೆರೆ ಹಾಕುವ ಒಂದೇ ಕೈ, ಆರುನೂರರಲ್ಲೂ. ಯಾವುದೋ ಕೋಣೆಯಲ್ಲಿ ಕೂತು ತುಂಬಿಸಿದ್ದು. ಮನೆಯಲ್ಲಿ ಹೇಳಲಿಕ್ಕೆ ನಾಲ್ಕು ತಿಂಗಳು ಬೇಕಾಯಿತು.

ದಾರಿ ಸಿಕ್ಕಿದ್ದು ನನ್ನ ಅಂಗಡಿಯ ಒಳಗೇ. ನನ್ನದು ಝೆರಾಕ್ಸ್, ಆನ್‌ಲೈನ್ ಅರ್ಜಿ, ಊರಿಗೆ ಹಣ ಕಳಿಸುವ ಕೆಲಸ. ಭಾನುವಾರ ಬಂದರೆ ಎದುರು ಸಾಲು. ಕೆಂಪುಕಲ್ಲಿನ ಕೋರೆಯವರು, ತೋಟದ ಕೆಲಸದವರು, ಗಾರೆಯವರು. ನಮ್ಮಲ್ಲಿ ಎಲ್ಲರನ್ನೂ 'ಬಂಗಾಳಿಗಳು' ಅಂದುಬಿಡುತ್ತೇವೆ. ನಿಜವಾಗಿ ನೋಡಿದರೆ ಬಂಗಾಳದ ಮುರ್ಶಿದಾಬಾದ್, ಮಾಲ್ದಾ, ಉತ್ತರ ಪ್ರದೇಶದ ಗೋರಖ್‌ಪುರ, ಬಿಹಾರದ ಸಿವಾನ್, ಒಡಿಶಾದ ಗಂಜಾಂ. ಇಡೀ ದೇಶವೇ ಐದಡಿ ಕೌಂಟರಿನ ಆಚೆ ನಿಂತಿರುತ್ತದೆ. ಹಣ ಒಂದು ಸಲಕ್ಕೆ ಐದು ಸಾವಿರ ಮಾತ್ರ ಹೋಗುವುದು. ಜಾಸ್ತಿ ಇದ್ದರೆ ಎರಡು ಸಲ ಕಳಿಸಬೇಕು. ಆ ಐದಾರು ನಿಮಿಷ ಮಾತಾಡಲಿಕ್ಕೆ ಸಾಕು.

'ಯಾರಿಗೆ ವೋಟು' ಅಂತ ಕೇಳಬಾರದು. ಕೇಳಿದರೆ ಎದುರಿನವನ ಮುಖ ನೋಡಿ ಉತ್ತರ ಕೊಡುತ್ತಾರೆ. ನಾನು ಎರಡು ಪ್ರಶ್ನೆ ಇಟ್ಟುಕೊಂಡೆ. ಮೊದಲನೆಯದು ಹೇಳುತ್ತೇನೆ: 'ಕಳೆದ ಸಲ ಹಾಕಿದ್ದನ್ನು ಈ ಸಲ ಬದಲಿಸುವವರು ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಯಾರಾದರೂ ಇದ್ದಾರಾ?' ಬದಲಾಗದವರನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರು ಕಳೆದ ಸಲದ ಅಂಕಿಯಲ್ಲೇ ಇದ್ದಾರೆ ಅಲ್ವಾ? ಎರಡನೆಯ ಪ್ರಶ್ನೆ ಮನೆಯ ಹೆಂಗಸರ ಬಗ್ಗೆ. ಅದರ ಮಾತು ಹೇಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಮೂರು ವರ್ಷ ಹಿಡಿದಿದೆ.

2022ರ ಉತ್ತರ ಪ್ರದೇಶ ವಿಧಾನಸಭೆಗೆ ಮೊದಲ ಪರೀಕ್ಷೆ ಮಾಡಿದೆ. ನಾನು ಬಿಜೆಪಿಗೆ 240 ಅಂದೆ, ಬಂದದ್ದು 255. ಆಗ ಧೈರ್ಯ ಬಂತು.

2024ರ ಮಾರ್ಚ್ ಕೊನೆಯ ಒಂದು ಭಾನುವಾರ ನೆನಪಿದೆ. ಪೆರ್ಲ ಕಡೆಯ ಕೋರೆಯ ಹುಡುಗ. ಕೈಗೆರೆಯಲ್ಲೆಲ್ಲ ಕೆಂಪು ಧೂಳು. ಐನೂರರ ಹದಿನಾರು ನೋಟು ಎಣಿಸಿ ಇಟ್ಟ. ಊರು ಅಯೋಧ್ಯೆ ಜಿಲ್ಲೆ. ಮನೆಯಲ್ಲಿ ಐದು ವೋಟು, ಕಳೆದ ಸಲ ಐದೂ ಕಮಲಕ್ಕೆ, ಈ ಸಲ ಅಪ್ಪನದ್ದು ಮಾತ್ರ ಅಂದ. ಯಾಕೆ? ತಮ್ಮ ಫೆಬ್ರವರಿಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆದಿದ್ದ. ಪೇಪರ್ ಲೀಕ್ ಆಗಿ ಪರೀಕ್ಷೆಯೇ ರದ್ದಾಯಿತು. ಕೋಚಿಂಗ್‌ಗೆ ಕಟ್ಟಿದ್ದು ಇವನು ಇಲ್ಲಿ ಕಲ್ಲು ಕಡಿದ ದುಡ್ಡು. ಹೇಳುವಾಗ ಅವನ ದನಿ ಏರಲೇ ಇಲ್ಲ, ನೋಟುಗಳ ಅಂಚು ಸರಿ ಮಾಡುತ್ತಾ ಇದ್ದ. ರಾಮಮಂದಿರ ಉದ್ಘಾಟನೆ ಆಗಿ ಎರಡೇ ತಿಂಗಳು. ನನಗೇ ನಂಬಿಕೆ ಬರಲಿಲ್ಲ. ಪುಸ್ತಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟೆ. ಕೊನೆಗೆ ಅಯೋಧ್ಯೆ ಇರುವ ಆ ಫೈಜಾಬಾದ್ ಸೀಟೇ ಸಮಾಜವಾದಿ ಪಕ್ಷಕ್ಕೆ ಹೋಯಿತು, 54 ಸಾವಿರ ಮತಗಳ ಅಂತರದಲ್ಲಿ.

ಬಂಗಾಳದವರದ್ದು ಬೇರೆ ಕಥೆ. ಗಂಡಸರು ಮಮತಾ ದೀದಿಯನ್ನು ಬೈಯುತ್ತಿದ್ದರು. ಆದರೆ ಅಲ್ಲಿನ ಸರ್ಕಾರ ಹೆಂಗಸರಿಗೆ ತಿಂಗಳು ತಿಂಗಳು ಕೊಡುತ್ತಿದ್ದ ಲಕ್ಷ್ಮೀರ್ ಭಂಡಾರ್ ದುಡ್ಡು ಏಪ್ರಿಲ್‌ನಿಂದ ಐನೂರು ಇದ್ದದ್ದು ಸಾವಿರ ಆಗಿತ್ತು, ಅದು ಹೋಗುತ್ತಿದ್ದದ್ದು ಹೆಂಡತಿಯ ಖಾತೆಗೆ. ನನ್ನ ಎರಡನೆಯ ಪ್ರಶ್ನೆ ಕೆಲಸ ಮಾಡಿದ್ದು ಅಲ್ಲೇ. ಬಿಜೆಪಿ 18ರಿಂದ 15ಕ್ಕೆ ಇಳಿಯುತ್ತದೆ ಅಂತ ಬರೆದೆ, 12ಕ್ಕೆ ಇಳಿಯಿತು.

ಫೆಬ್ರವರಿಯಿಂದ ಮೇ ನಡುವಿನವರೆಗೆ ಹದಿನಾಲ್ಕೋ ಹದಿನೈದೋ ಭಾನುವಾರ. ಹತ್ತಿರ ಹತ್ತಿರ 900 ಜನ. ಹೆಸರು ಬರೆಯಲಿಲ್ಲ, ಜಿಲ್ಲೆ ಮಾತ್ರ. ಮಹಾರಾಷ್ಟ್ರಕ್ಕೆ ಮುಂಬಯಿ, ಪುಣೆ, ನಾಸಿಕದ ಹೋಟೆಲುಗಳಲ್ಲಿರುವ ನಮ್ಮೂರಿನವರೇ ಗತಿ. ನಾಸಿಕದವರು ಈರುಳ್ಳಿ ರಫ್ತು ನಿಷೇಧದ ಸಿಟ್ಟು ಹೇಳಿದರು. ಮುಂಬಯಿಯವರು ಎರಡೆರಡು ಶಿವಸೇನೆ, ಎರಡೆರಡು ಎನ್‌ಸಿಪಿಯ ಗೊಂದಲ ಹೇಳಿದರು. ಹರಿಯಾಣ, ರಾಜಸ್ಥಾನಕ್ಕೆ ಹೆದ್ದಾರಿ 66ರ ಆರು ಪಥದ ಕೆಲಸಕ್ಕೆ ಬಂದ ಯಂತ್ರದವರನ್ನು ಹಿಡಿದೆ. ಒಟ್ಟು ಖರ್ಚು 11 ಸಾವಿರದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಬಂಗಾಳಿ ಬಲ್ಲ ಹುಡುಗನೊಬ್ಬನ ಸಂಬಳಕ್ಕೆ, ಉಳಿದದ್ದು ಚಹಾ ಮತ್ತು ಪೆಟ್ರೋಲಿಗೆ.

ಲೆಕ್ಕ 2019ರ ಬಿಜೆಪಿಯ 303ರಿಂದ ಶುರು. ಉತ್ತರ ಪ್ರದೇಶದಲ್ಲಿ 20 ಕಳೆ, ಮಹಾರಾಷ್ಟ್ರದಲ್ಲಿ 10, ಕರ್ನಾಟಕದಲ್ಲಿ 7, ರಾಜಸ್ಥಾನದಲ್ಲಿ 6, ಹೀಗೆ. ಒಟ್ಟು 56 ಹೋಯಿತು. ತೆಲಂಗಾಣ, ಒಡಿಶಾ ಕಡೆಯಿಂದ 8 ಕೂಡಿಸಿದೆ. 255 ಆಯಿತು. ಗಾರೆಯವರ ಮಾತಿಗೆ ಎಷ್ಟು ತೂಕ, ತೋಟದವರಿಗೆ ಎಷ್ಟು ಅನ್ನುವ ಪಟ್ಟಿ ನನ್ನ ಹತ್ತಿರವೇ ಇರಲಿ.

ತಪ್ಪಿದ್ದನ್ನೂ ಹೇಳುತ್ತೇನೆ. ಉತ್ತರ ಪ್ರದೇಶದಲ್ಲಿ 20 ಅಲ್ಲ, 29 ಕಡಿಮೆ ಆಯಿತು, 62ರಿಂದ 33ಕ್ಕೆ. ಒಡಿಶಾದಲ್ಲಿ ಬಿಜೆಪಿ 21ರಲ್ಲಿ 20 ಬಾಚಿತು, ನಾನು 12 ಅಂದಿದ್ದೆ. ಒಡಿಯಾ ಜನ ನನಗೆ ಸಿಕ್ಕಿದ್ದೇ ಇಪ್ಪತ್ತು ಮಂದಿ. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪನ್ನು ಮುಚ್ಚಿತು. ಇದನ್ನು ಒಪ್ಪಿಕೊಳ್ಳಬೇಕು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬದಿಯಡ್ಕದಿಂದ ಕುಂಬಳೆವರೆಗೆ ಬೈಕಿನಲ್ಲಿ ಹೋಗಿ ಬಾವುಟ ಎಣಿಸಿದೆ. ಸುಮ್ನೆ ಪೆಟ್ರೋಲ್ ದಂಡ. ಅಡಿಕೆ ಧಾರಣೆಗೂ ವೋಟಿಗೂ ಸಂಬಂಧ ಇದೆಯಾ ಅಂತ ಐದು ಚುನಾವಣೆಯ ಪಟ್ಟಿ ಮಾಡಿದೆ, ಏನೂ ಕಾಣಲಿಲ್ಲ. ಒಂದು ಪ್ರಯೋಗ ಮಾತ್ರ ಚೆನ್ನಾಗಿತ್ತು. ನೀರ್ಚಾಲು ಹತ್ತಿರ ಒಂದು ಯಕ್ಷಗಾನ ಬಯಲಾಟದಲ್ಲಿ, ಹಗಲು ಪೇಟೆಯಲ್ಲಿ ಕೇಳಿದ್ದ ನಲವತ್ತು ಜನರನ್ನೇ ರಾತ್ರಿ ಎರಡು ಗಂಟೆಗೆ ಚಹಾದ ಗಾಡಿಯ ಹತ್ತಿರ ಮತ್ತೆ ಕೇಳಿದೆ. ಏಳೆಂಟು ಮಂದಿ ಬೇರೆ ಉತ್ತರ ಕೊಟ್ಟರು. ಆ ಬೂತುಗಳ ಫಾರ್ಮ್ 20, ಅಂದರೆ ಬೂತುವಾರು ಮತಗಳ ಪಟ್ಟಿ, ಬಂದ ಮೇಲೆ ನೋಡಿದರೆ, ರಾತ್ರಿಯ ಉತ್ತರವೇ ಹತ್ತಿರ ಇತ್ತು. ಜೊತೆಯವರು ಇಲ್ಲದಾಗ ಜನ ನಿಜ ಹೇಳುತ್ತಾರೆ. ಅಂದಿನಿಂದ ಕೌಂಟರಿನಲ್ಲೂ ಒಬ್ಬೊಬ್ಬರನ್ನೇ ಕೇಳುತ್ತೇನೆ.

2024ರಲ್ಲಿ ನಮ್ಮ ಕ್ಷೇತ್ರಕ್ಕೆ ಉಣ್ಣಿತ್ತಾನ್ ಗೆಲ್ಲುವ ಅಂತರ 80 ಸಾವಿರದ ಮೇಲೆ ಅಂದಿದ್ದೆ, ಒಂದು ಲಕ್ಷ ದಾಟಿತು. ಇದರಲ್ಲಿ ದೊಡ್ಡಸ್ತಿಕೆ ಇಲ್ಲ. ಕಷ್ಟ ಇರುವುದು ಮಂಜೇಶ್ವರ ವಿಧಾನಸಭೆಯಂಥದ್ದರಲ್ಲಿ. ಅಲ್ಲಿ ಗೆಲುವಿನ ಅಂತರ 2016ರಲ್ಲಿ 89 ಮತ, 2021ರಲ್ಲಿ 745. ಅಲ್ಲಿ ನನ್ನ ವಿಧಾನ ನಡೆಯುವುದಿಲ್ಲ.

ದುಡ್ಡಿನ ವಿಷಯ ಬಂತಲ್ಲ, ಇದನ್ನೂ ಹೇಳಬೇಕು. ಪಂದ್ಯ ಕಟ್ಟುವ ಅಭ್ಯಾಸ ನನಗಿಲ್ಲ. ಆದರೆ ಮೇ ಕೊನೆಗೆ ಮ್ಯೂಚುವಲ್ ಫಂಡಿನಲ್ಲಿದ್ದ ಒಂದೂವರೆ ಲಕ್ಷ ತೆಗೆದಿಟ್ಟಿದ್ದೆ. ಜೂನ್ 3ರಂದು ಸೆನ್ಸೆಕ್ಸ್ ಎರಡೂವರೆ ಸಾವಿರ ಅಂಕ ಏರಿದಾಗ ಭಾವ ಫೋನ್ ಮಾಡಿ ಬೈದರು. ಮರುದಿನ 4,390 ಅಂಕ ಬಿತ್ತು. ಆವತ್ತೇ ನಾನು ಮತ್ತೆ ಹಾಕಿದೆ. ಅದೇ ವಾರ ಮಾರುಕಟ್ಟೆ ಮೇಲೆ ಬಂತು. 2019ರಲ್ಲಿ ಆ ಫಾರ್ಮ್‌ಗಳಿಗೆ ಕೊಟ್ಟದ್ದರಲ್ಲಿ ಕಾಲು ಭಾಗವಾದರೂ ವಾಪಸ್ ಬಂತು.

2029ಕ್ಕೆ ಪುಸ್ತಕ ಆಗಲೇ ತೆರೆದಿದ್ದೇನೆ. ಈಗ ತುಂಬ ಜನ ಫೋನಿನಲ್ಲೇ ಹಣ ಕಳಿಸುತ್ತಾರೆ, ಭಾನುವಾರದ ಸಾಲು ಮೊದಲಿನಷ್ಟು ಇಲ್ಲ. ಅದಕ್ಕೆ ಅಂಗಡಿಯಲ್ಲಿ ರೈಲು ಟಿಕೆಟ್ ಬುಕ್ಕಿಂಗ್ ಶುರು ಮಾಡಿದೆ. ಊರಿಗೆ ಹೋಗುವವರು ಬರುತ್ತಾರೆ, ಮಾತೂ ಜಾಸ್ತಿ ಆಡುತ್ತಾರೆ. ಮುಳ್ಳೇರಿಯ ಕಡೆಯ ಒಂದು ತೋಟದಲ್ಲಿ ಗಂಜಾಂನ ಹುಡುಗನೊಬ್ಬ ಇದ್ದಾನೆ, ಒಡಿಯಾ ಜೊತೆ ಚೆನ್ನಾಗಿ ಮಲಯಾಳವನ್ನೂ ಆಡುತ್ತಾನೆ. ಅವನ ಹತ್ತಿರ ಮಾತಾಡಿಟ್ಟಿದ್ದೇನೆ.