ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ: ತೊಂದರೆಯ ಮೂಲ ಹುಡುಕಿ ಸರಿಪಡಿಸುವ ಬಗೆ

ಐದು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಹೋದ ವಾರ ಅಂಗಡಿಯಿಂದ ತಂದ ಲ್ಯಾಪ್‌ಟಾಪಿನಲ್ಲಿ ಮಾತ್ರ ವೈಫೈ ಕಾಣುವುದಿಲ್ಲ, ಸ್ಪೀಕರಿನಿಂದ ಧ್ವನಿ ಬರುವುದಿಲ್ಲ, ರಾತ್ರಿ ಮುಚ್ಚಿಟ್ಟ ಯಂತ್ರ ಬೆಳಗಾಗುವಷ್ಟರಲ್ಲಿ ಚಾರ್ಜು ಕಳೆದುಕೊಂಡಿರುತ್ತದೆ. ಮೊದಲ ಸಲ ಲಿನಕ್ಸ್ ಹಾಕಿದವರಿಗೆ ಇದು ವಿಚಿತ್ರವೆನಿಸುತ್ತದೆ. ಆದರೆ ಇದಕ್ಕೆ ಸ್ಪಷ್ಟವಾದ ಕಾರಣವಿದೆ. ವಿಂಡೋಸ್ ಇರುವ ಲ್ಯಾಪ್‌ಟಾಪಿಗೆ ಬೇಕಾದ ಡ್ರೈವರ್‌ಗಳನ್ನು, ಅಂದರೆ ಒಂದೊಂದು ಭಾಗವನ್ನೂ ನಡೆಸುವ ತಂತ್ರಾಂಶಗಳನ್ನು, ತಯಾರಕರೇ ಹಾಕಿ ಕಳಿಸುತ್ತಾರೆ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೇ ಇರುತ್ತವೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನಲ್ ಬಿಡುಗಡೆಯಾಗುತ್ತದಾದರೂ ಡೆಬಿಯನ್‌ನಂತಹ ವಿತರಣೆಗಳು, ಅಂದರೆ ಲಿನಕ್ಸ್‌ನ ಸಿದ್ಧ ರೂಪಗಳು, ಸ್ಥಿರತೆಯ ದೃಷ್ಟಿಯಿಂದ ಒಂದೇ ಕರ್ನಲ್ ಸರಣಿಯನ್ನು ವರ್ಷಗಟ್ಟಲೆ ಉಳಿಸಿಕೊಳ್ಳುತ್ತವೆ. ರಿಯಲ್‌ಟೆಕ್ 8852ಬಿಇ ಎಂಬ ವೈಫೈ ಚಿಪ್ಪಿನ ಡ್ರೈವರ್ ಕರ್ನಲ್‌ಗೆ ಸೇರಿದ್ದು 6.2ನೇ ಆವೃತ್ತಿಯಲ್ಲಿ, 2023ರ ಡೆಬಿಯನ್ 12ರಲ್ಲಿರುವುದು 6.1. ಆ ಚಿಪ್ಪಿರುವ ಲ್ಯಾಪ್‌ಟಾಪಿಗೆ ಡೆಬಿಯನ್ 12 ಹಾಕಿದವರು ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ವೈಫೈ ಸಿಗದಿರುವುದು ಈ ಒಂದು ಅಂಕಿಯ ವ್ಯತ್ಯಾಸದಿಂದ.

ಆದ್ದರಿಂದ ಯಾವ ತೊಂದರೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು ಅದರ ಮೂಲ ಎಲ್ಲಿದೆ ಎಂಬುದನ್ನು: ಡ್ರೈವರೇ ಇಲ್ಲವೋ, ಡ್ರೈವರ್ ಇದ್ದು ಚಿಪ್ಪಿನೊಳಗೆ ನಡೆಯುವ ಫರ್ಮ್‌ವೇರ್ ಎಂಬ ತಂತ್ರಾಂಶ ಇಲ್ಲವೋ, ಅಥವಾ ಎರಡೂ ಇದ್ದು ಯಾವುದೋ ಸೆಟ್ಟಿಂಗ್ ಅಡ್ಡ ಬಂದಿದೆಯೋ? ಇದು ಗೊತ್ತಾಗುವ ಮುನ್ನವೇ ಸಿಕ್ಕ ಸಿಕ್ಕ ಕಮಾಂಡುಗಳನ್ನೆಲ್ಲ ಟರ್ಮಿನಲ್‌ಗೆ, ಅಂದರೆ ಕಮಾಂಡು ಬರೆಯುವ ಕಿಟಕಿಗೆ, ಅಂಟಿಸಿದರೆ ಒಂದು ತೊಂದರೆ ಎರಡಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ಯಂತ್ರವನ್ನು ಮರುಚಾಲನೆ ಮಾಡಿ ನೋಡುವುದು ನಿಧಾನದ ದಾರಿಯಂತೆ ಕಂಡರೂ ನನ್ನ ಅನುಭವದಲ್ಲಿ ಅದೇ ಬೇಗ ಮುಗಿಯುವ ದಾರಿ.

ಇಲ್ಲಿನ ವಿವರಗಳು ಉಬುಂಟು 24.04 ಆವೃತ್ತಿಯನ್ನು ಆಧರಿಸಿವೆ. ಲಿನಕ್ಸ್ ಮಿಂಟ್ 22ಕ್ಕೂ ಹೆಚ್ಚಿನವು ಅನ್ವಯಿಸುತ್ತವೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದು, ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಅಂತರಜಾಲ, ಕೂಡಲೇ ಅಪ್‌ಡೇಟ್

ವೈಫೈ ಇಲ್ಲದಿದ್ದರೆ ಅಪ್‌ಡೇಟ್ ಮಾಡುವುದು ಹೇಗೆ ಎಂದು ಅನೇಕರು ಇಲ್ಲಿಯೇ ನಿಂತುಬಿಡುತ್ತಾರೆ. ಆಂಡ್ರಾಯ್ಡ್ ಫೋನನ್ನು ಚಾರ್ಜರಿನ ಕೇಬಲ್ಲಿನಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಸಾಕು. ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದೇ ತಿಳಿದು, ಯಾವ ಡ್ರೈವರನ್ನೂ ಕೇಳದೆ ಬಳಸಿಕೊಳ್ಳುತ್ತದೆ. ಕೇಬಲ್ ಮಾತ್ರ ದತ್ತಾಂಶವನ್ನೂ ಸಾಗಿಸುವಂಥದ್ದಾಗಿರಬೇಕು, ಏಕೆಂದರೆ ಕೆಲವು ಅಗ್ಗದ ಕೇಬಲ್‌ಗಳು ಬರೀ ಚಾರ್ಜಿಗೆ ಆಗುತ್ತವೆ.

ಸಂಪರ್ಕ ಸಿಕ್ಕ ಮೇಲೆ ‘ಸುಡೊ ಎಪಿಟಿ ಅಪ್‌ಡೇಟ್’, ಆಮೇಲೆ ‘ಸುಡೊ ಎಪಿಟಿ ಫುಲ್-ಅಪ್‌ಗ್ರೇಡ್’ ಎಂಬ ಎರಡು ಕಮಾಂಡುಗಳನ್ನು ನಡೆಸಿ ಮರುಚಾಲನೆ ಮಾಡಬೇಕು. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ರಲ್ಲಿದ್ದ ಕರ್ನಲ್ 6.8, ಹೊಸ ಯಂತ್ರಾಂಶಕ್ಕೆಂದೇ ಅದೇ ಆವೃತ್ತಿಗೆ 2025ರ ಫೆಬ್ರವರಿಯಲ್ಲಿ 6.11, ಆಗಸ್ಟ್‌ನಲ್ಲಿ 6.14 ಕರ್ನಲ್‌ಗಳನ್ನು ಒದಗಿಸಲಾಯಿತು. ಗೆಳೆಯರು ಕೊಟ್ಟ ಹಳೆಯ ಪೆನ್‌ಡ್ರೈವಿನಿಂದ ಸ್ಥಾಪಿಸಿದವರಿಗೆ ಈ ಅಪ್‌ಡೇಟ್ ಒಂದರಿಂದಲೇ ಅರ್ಧ ತೊಂದರೆಗಳು ಕಳೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈಗ ನಡೆಯುತ್ತಿರುವ ಕರ್ನಲ್ ಯಾವುದೆಂದು ತಿಳಿಯಲು ‘ಯುನೇಮ್’ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಆರ್ ಅಕ್ಷರ ಸೇರಿಸಿ. ಹೊಸ ಕರ್ನಲ್‌ನಿಂದ ಏನಾದರೂ ಕೆಟ್ಟರೆ ಗಾಬರಿ ಬೇಡ. ಹಳೆಯದು ಅಳಿದಿರುವುದಿಲ್ಲ, ಯಂತ್ರ ಆನ್ ಆಗುವಾಗ ಯಾವ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಅಡಿಯಲ್ಲಿ ಅದನ್ನು ಆರಿಸಿಕೊಳ್ಳಬಹುದು.

ಲ್ಯಾಪ್‌ಟಾಪಿನ ಸ್ವಂತ ಫರ್ಮ್‌ವೇರನ್ನೂ, ಅಂದರೆ ನಾವು ರೂಢಿಯಲ್ಲಿ ಬಯಾಸ್ ಎನ್ನುವುದನ್ನೂ, ಈ ಹಂತದಲ್ಲೇ ಅಪ್‌ಡೇಟ್ ಮಾಡುವುದು ಒಳ್ಳೆಯದು. ಹಲವು ತಯಾರಕರ ಯಂತ್ರಗಳಿಗೆ ಇದು ಉಬುಂಟುವಿನ ‘ಫರ್ಮ್‌ವೇರ್ ಅಪ್‌ಡೇಟರ್’ ಮೂಲಕವೇ ದೊರೆಯುತ್ತದೆ. ಚಾರ್ಜರ್ ಜೋಡಿಸದೆ ಈ ಕೆಲಸಕ್ಕೆ ಕೈಹಾಕಬಾರದು. ಪಕ್ಕದಲ್ಲಿ ವಿಂಡೋಸ್ 11 ಇದ್ದರೆ ಇನ್ನೂ ಒಂದು ಎಚ್ಚರಿಕೆ ಅಗತ್ಯ: ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ಅನೇಕ ಸಲ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ, ಬಯಾಸ್‌ನಲ್ಲೋ, ಸಹಿಯಿರುವ ತಂತ್ರಾಂಶವನ್ನು ಮಾತ್ರ ಆರಂಭಿಸಲು ಬಿಡುವ ಸೆಕ್ಯೂರ್ ಬೂಟ್‌ನಲ್ಲೋ ಏನಾದರೂ ಬದಲಾದರೆ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಿ. ಕೀಲಿ ಇಲ್ಲದಿದ್ದರೆ ಒಳಗಿರುವ ಕಡತಗಳು ಸಿಗುವುದಿಲ್ಲ.

ವೈಫೈ ಇನ್ನೂ ಬಾರದಿದ್ದರೆ

‘ಎಲ್‌ಎಸ್‌ಪಿಸಿಐ’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಕೆ ಅಕ್ಷರ ಸೇರಿಸಿದರೆ ಲ್ಯಾಪ್‌ಟಾಪಿನ ಒಳಗಿನ ಭಾಗಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂದಿದ್ದರೆ ಡ್ರೈವರ್ ಕೆಲಸಕ್ಕೆ ಹತ್ತಿದೆ ಎಂದರ್ಥ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಇಲ್ಲ ಅಥವಾ ಲೋಡ್ ಆಗಿಲ್ಲ. ಇಂಟೆಲ್ ಚಿಪ್ಪುಗಳಿಗೆ ಸಾಮಾನ್ಯವಾಗಿ ಹೊಸ ಕರ್ನಲ್ ಮತ್ತು ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜು ಸಾಕಾಗುತ್ತವೆ. ಕೆಲವು ಬ್ರಾಡ್‌ಕಾಮ್ ಚಿಪ್ಪುಗಳಿಗೆ ತಯಾರಕರ ಮುಚ್ಚಿದ ಡ್ರೈವರೇ ಬೇಕು. ಅದನ್ನು ‘ಅಡಿಷನಲ್ ಡ್ರೈವರ್ಸ್’ ಎಂಬ ಆ್ಯಪ್ ತಾನೇ ಹುಡುಕಿ ತೋರಿಸುತ್ತದೆ.

ಡ್ರೈವರ್ ಇದ್ದೂ ವೈಫೈ ಆನ್ ಆಗುತ್ತಿಲ್ಲವೆಂದಾದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಕಮಾಂಡು ನೋಡಿ. ‘ಸಾಫ್ಟ್ ಬ್ಲಾಕ್ಡ್’ ಎದುರು ಯೆಸ್ ಎಂದಿದ್ದರೆ ತಂತ್ರಾಂಶದಲ್ಲೇ ಬಿಡಿಸಬಹುದು. ‘ಹಾರ್ಡ್ ಬ್ಲಾಕ್ಡ್’ ಎದುರು ಯೆಸ್ ಎಂದಿದ್ದರೆ ಕೀಲಿಮಣೆಯ ಏರೋಪ್ಲೇನ್ ಗುಂಡಿಯನ್ನೋ ಬಯಾಸ್‌ನಲ್ಲಿರುವ ವೈರ್‌ಲೆಸ್ ಆಯ್ಕೆಯನ್ನೋ ನೋಡಬೇಕು.

ಇದೆಲ್ಲ ಸರಿಯಿದ್ದೂ ಒಂದು ದಿನ ವೈಫೈ ಬಂದು ಮರುದಿನ ಮಾಯವಾಗುವ ಲ್ಯಾಪ್‌ಟಾಪೊಂದರ ಮುಂದೆ ನಾನು ಎರಡು ಸಂಜೆ ಕೂತಿದ್ದೆ. ದೋಷ ಇದ್ದದ್ದು ಲಿನಕ್ಸ್‌ನಲ್ಲಿ ಅಲ್ಲ, ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯದಲ್ಲಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಗೆ ಹೋಗುತ್ತದೆ, ವೈಫೈ ಕಾರ್ಡ್ ಅದೇ ಅರೆಬರೆ ಸ್ಥಿತಿಯಲ್ಲಿ ಉಳಿದು ಲಿನಕ್ಸ್‌ನ ಮಾತು ಕೇಳುವುದಿಲ್ಲ. ವಿಂಡೋಸ್‌ನ ಡ್ರೈವ್‌ಗಳು ಲಿನಕ್ಸ್‌ನಲ್ಲಿ ತೆರೆಯದಿರುವುದಕ್ಕೆ ಅಥವಾ ಬರೆಯಲು ಬಿಡದಿರುವುದಕ್ಕೂ ಇದೇ ಕಾರಣ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು ಇದನ್ನು ಕಾಯಂ ಆಗಿ ತೆಗೆದುಹಾಕಿ.

ಕಪ್ಪು ಪರದೆ, ನೀಲಿ ಪರದೆ

ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಸ್ಥಾಪನೆಯ ನಂತರ ಪರದೆ ಕಪ್ಪಾಗಿಯೇ ಉಳಿದರೆ, ಯಂತ್ರ ಆನ್ ಆಗುವಾಗ ತಯಾರಕರ ಚಿಹ್ನೆ ಮೂಡಿದ ಕೂಡಲೇ ಎಸ್ಕೇಪ್ ಕೀಲಿಯನ್ನು ಒಂದೇ ಸಲ ಒತ್ತಿ ಗ್ರಬ್ ಮೆನು ತರಿಸಿಕೊಳ್ಳಿ. ಹಲವು ಸಲ ಒತ್ತಿದರೆ ಮೆನು ದಾಟಿ ಗ್ರಬ್‌ನ ಕಮಾಂಡ್ ಸಾಲಿಗೆ ಹೋಗುತ್ತದೆ. ಉಬುಂಟು ಸಾಲಿನ ಮೇಲಿದ್ದಾಗ ಇ ಅಕ್ಷರ ಒತ್ತಿದರೆ ಕೆಲವು ಸಾಲುಗಳು ತೆರೆದುಕೊಳ್ಳುತ್ತವೆ. ಲಿನಕ್ಸ್ ಎಂದು ಆರಂಭವಾಗುವ ಸಾಲಿನಲ್ಲಿ ‘ಕ್ವಯಟ್ ಸ್ಪ್ಲಾಶ್’ ಪದಗಳ ಮುಂದೆ ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಒಂದೇ ಪದವಾಗಿ ಸೇರಿಸಿ, ಎಫ್10 ಒತ್ತಿ. ಪರದೆ ಒರಟಾಗಿ ಕಂಡರೂ ಡೆಸ್ಕ್‌ಟಾಪ್ ತೆರೆಯುತ್ತದೆ. ಇದು ಒಂದು ಸಲದ ಉಪಾಯ ಮಾತ್ರ, ಇದನ್ನೇ ಕಾಯಂ ಮಾಡಿಕೊಳ್ಳಬಾರದು. ಒಳಹೊಕ್ಕ ಕೂಡಲೇ ‘ಅಡಿಷನಲ್ ಡ್ರೈವರ್ಸ್’ ತೆರೆದು, ಶಿಫಾರಸು ಎಂದು ಗುರುತಿಸಿರುವ ಎನ್‌ವಿಡಿಯಾ ಡ್ರೈವರನ್ನು ಸ್ಥಾಪಿಸಿ ಮರುಚಾಲನೆ ಮಾಡಬೇಕು. ಎನ್‌ವಿಡಿಯಾದ ಜಾಲತಾಣದಿಂದ ಕಡತ ಇಳಿಸಿಕೊಂಡು ಸ್ಥಾಪಿಸುವುದು ಬೇಡ. ಮುಂದಿನ ಕರ್ನಲ್ ಅಪ್‌ಡೇಟಿಗೆ ಅದು ಕೈಕೊಡುವ ಸಂಭವ ಹೆಚ್ಚು.

ನೀಲಿ ಪರದೆಯ ಕಥೆ ಬೇರೆ. ಸೆಕ್ಯೂರ್ ಬೂಟ್ ಆನ್ ಇರುವಾಗ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬ್ರಾಡ್‌ಕಾಮ್ ವೈಫೈ ಅಥವಾ ವರ್ಚುವಲ್‌ಬಾಕ್ಸ್‌ನ ಡ್ರೈವರಿನಂತೆ ನಮ್ಮ ಯಂತ್ರದಲ್ಲೇ ಕಂಪೈಲ್ ಆಗುವ ಡ್ರೈವರ್‌ಗಳಿಗೆ ಉಬುಂಟು ಸ್ಥಳೀಯವಾಗಿ ಮೋಕ್ ಎಂಬ ಒಂದು ಕೀಲಿ ತಯಾರಿಸಿ ಸಹಿ ಹಾಕುತ್ತದೆ, ನಮ್ಮಿಂದ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಚಾಲನೆಯಾದಾಗ ನೀಲಿ ಪರದೆ ಬಂದು ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮೋಕ್’ ಆರಿಸಿ, ಕಂಟಿನ್ಯೂ ಮತ್ತು ಯೆಸ್ ಒತ್ತಿ, ಅದೇ ಪಾಸ್‌ವರ್ಡ್ ಕೊಡಬೇಕು. ಏನೋ ದೋಷವೆಂದು ಹೆದರಿ ಅದನ್ನು ದಾಟಿಬಿಟ್ಟವರಿಗೆ ಡ್ರೈವರ್ ಸ್ಥಾಪನೆಯಾಗಿದ್ದರೂ ಕೆಲಸ ಮಾಡುವುದಿಲ್ಲ, ಏಕೆಂದು ಹೇಳುವ ಸಂದೇಶವೂ ಎದುರಿಗೆ ಕಾಣುವುದಿಲ್ಲ. ಅಂಥವರು ‘ಮೋಕ್‌ಯುಟಿಲ್’ ಕಮಾಂಡಿನ ಇಂಪೋರ್ಟ್ ಆಯ್ಕೆಗೆ ಶಿಮ್-ಸೈನ್ಡ್ ಕಡತಕೋಶದಲ್ಲಿರುವ ಮೋಕ್ ಕೀಲಿಯನ್ನು ಕೊಟ್ಟು, ಹೊಸ ಪಾಸ್‌ವರ್ಡ್ ಹಾಕಿ, ಮರುಚಾಲನೆ ಮಾಡಿದರೆ ಆ ಪರದೆ ಮತ್ತೊಮ್ಮೆ ಬರುತ್ತದೆ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದ ಕೆಲಸವೇನೋ ಆಗುತ್ತದೆ, ಆದರೆ ಒಂದು ರಕ್ಷಣೆಯನ್ನು ಕಳೆದುಕೊಂಡಂತಾಗುವುದರಿಂದ ನಾನು ಅದನ್ನು ಕೊನೆಯ ಉಪಾಯವಾಗಿ ಮಾತ್ರ ಹೇಳುತ್ತೇನೆ.

ಧ್ವನಿ

ಸೌಂಡ್ ಪುಟದಲ್ಲಿ ‘ಡಮ್ಮಿ ಔಟ್‌ಪುಟ್’ ಎಂದಷ್ಟೇ ಕಂಡರೆ ಧ್ವನಿ ಸಾಧನ ಪತ್ತೆಯೇ ಆಗಿಲ್ಲ. ಈಚಿನ ಇಂಟೆಲ್ ಲ್ಯಾಪ್‌ಟಾಪುಗಳಿಗೆ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’ ಎಂಬ ಪ್ಯಾಕೇಜು ಬೇಕು. ಅದು ಇದೆಯೇ ನೋಡಿ, ಇಲ್ಲದಿದ್ದರೆ ಸ್ಥಾಪಿಸಿ. ಸಾಧನ ಕಾಣುತ್ತಿದ್ದೂ ಸದ್ದಿಲ್ಲದಿದ್ದರೆ ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ ತೆರೆದು, ಎಂಎಂ ಎಂದು ತೋರಿಸುವ ಕಂಬದ ಮೇಲೆ ಎಂ ಅಕ್ಷರ ಒತ್ತಿ ಮ್ಯೂಟ್ ತೆಗೆಯಿರಿ.

ನಿದ್ರೆ ಮತ್ತು ಬ್ಯಾಟರಿ

ಹಿಂದಿನ ಲ್ಯಾಪ್‌ಟಾಪುಗಳು ಮುಚ್ಚಿದಾಗ ಮೆಮೊರಿಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ವಿದ್ಯುತ್ ನಿಲ್ಲಿಸುತ್ತಿದ್ದವು. ಈಗಿನ ಅನೇಕ ಯಂತ್ರಗಳು ಫೋನಿನಂತೆ ಅರೆಎಚ್ಚರದಲ್ಲಿರುತ್ತವೆ, ಯಾವುದೋ ಒಂದು ಭಾಗ ನಿದ್ರೆಗೆ ಹೋಗದಿದ್ದರೂ ಬ್ಯಾಟರಿ ಸೋರುತ್ತದೆ. ‘ಸಿಸ್’ ಕಡತಕೋಶದ ‘ಪವರ್’ ಒಳಗಿರುವ ‘ಮೆಮ್-ಸ್ಲೀಪ್’ ಕಡತದಲ್ಲಿ, ಹೆಸರಿನ ನಡುವೆ ಕೆಳಗೆರೆ ಇದೆ, ಯಂತ್ರಕ್ಕೆ ಸಾಧ್ಯವಿರುವ ವಿಧಾನಗಳ ಹೆಸರು ಕಾಣುತ್ತದೆ. ಅಲ್ಲಿ ‘ಡೀಪ್’ ಎಂಬುದೂ ಇದ್ದರೆ ಹಳೆಯ ರೀತಿಯ ಗಾಢನಿದ್ರೆ ಸಾಧ್ಯ. ಇಲ್ಲದಿದ್ದರೆ ತಯಾರಕರು ಅದನ್ನು ಕೊಟ್ಟೇ ಇಲ್ಲ, ಬಲವಂತ ಮಾಡಿ ಪ್ರಯೋಜನವಿಲ್ಲ. ಬಯಾಸ್ ಮತ್ತು ಕರ್ನಲ್ ಅಪ್‌ಡೇಟ್‌ಗಳಿಂದ ಸುಧಾರಿಸುವವರೆಗೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮುನ್ನ ಪೂರ್ತಿ ಆಫ್ ಮಾಡಿ. ಚೀಲದೊಳಗೆ ಎಚ್ಚರಗೊಂಡ ಯಂತ್ರ ಕೈಸುಡುವಷ್ಟು ಬಿಸಿಯಾಗಬಹುದು.

ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿಕೊಳ್ಳುವವರು ನೆನಪಿಡಬೇಕಾದದ್ದು, ಉಬುಂಟುವಿನಲ್ಲಿ ಪವರ್ ಪ್ರೊಫೈಲ್ಸ್ ಎಂಬ ವ್ಯವಸ್ಥೆ ಮೊದಲೇ ಇದೆ. ಎರಡೂ ಒಂದೇ ಸೆಟ್ಟಿಂಗ್‌ಗಳನ್ನು ಬದಲಿಸುವುದರಿಂದ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು.

ಪಕ್ಕದಲ್ಲಿ ವಿಂಡೋಸ್ ಇದ್ದಾಗ

ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಅಳಿದುಹೋಗಿದೆ ಎಂದುಕೊಳ್ಳಬೇಡಿ. ಗ್ರಬ್ 2.06ರಿಂದ ಈಚೆಗೆ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳನ್ನು ಹುಡುಕುವ ‘ಒಎಸ್-ಪ್ರೋಬರ್’ ತಾನಾಗಿ ಕೆಲಸ ಮಾಡದಂತೆ ಇಡಲಾಗಿದೆ. ಗ್ರಬ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಅದನ್ನು ನಿಷೇಧಿಸುವ ಸಾಲಿಗೆ ‘ಫಾಲ್ಸ್’ ಎಂದು ಕೊಟ್ಟು, ‘ಸುಡೊ ಅಪ್‌ಡೇಟ್-ಗ್ರಬ್’ ನಡೆಸಿದರೆ ವಿಂಡೋಸ್ ಮೆನುವಿಗೆ ಮರಳುತ್ತದೆ.

ಗಡಿಯಾರದ ಗೊಂದಲ ನಮ್ಮ ದೇಶದಲ್ಲಿ ತನ್ನದೇ ಗುರುತು ಬಿಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಲಿನಕ್ಸ್ ಮುಚ್ಚಿ ವಿಂಡೋಸ್ ತೆರೆದರೆ ನಾಲ್ಕೂವರೆ ಎಂದು ತೋರಿಸುತ್ತದೆ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಜಾಗತಿಕ ಸಮಯ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಡುವಿನ ಅಂತರ ಐದೂವರೆ ಗಂಟೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಕಮಾಂಡಿನಿಂದ ಲಿನಕ್ಸ್ ಸಹ ಸ್ಥಳೀಯ ಸಮಯವನ್ನೇ ಬಳಸುವಂತೆ ಮಾಡಬಹುದು. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ಹಿಂದುಮುಂದಾಗುವ ದೇಶಗಳಲ್ಲಿ ಇದರಿಂದ ತೊಡಕಾಗುತ್ತದೆ. ಭಾರತದಲ್ಲಿ ಆ ಪದ್ಧತಿ ಇಲ್ಲದ್ದರಿಂದ ಚಿಂತೆಯಿಲ್ಲ.

ಕನ್ನಡ ಬರೆಯುವುದಕ್ಕೆ

ಕನ್ನಡ ಓದಲು ಉಬುಂಟುವಿನಲ್ಲಿ ಹೆಚ್ಚು ಮಾಡಬೇಕಾದದ್ದೇನೂ ಇಲ್ಲ. ಅಕ್ಷರಗಳ ಬದಲು ಚೌಕಗಳು ಕಂಡರೆ ಲೋಹಿತ್, ಗುಬ್ಬಿ, ನವಿಲು ಫಾಂಟುಗಳ ಪ್ಯಾಕೇಜುಗಳಲ್ಲಿ ಒಂದನ್ನು ಹಾಕಿದರೆ ಸಾಕು. ಬರೆಯುವಾಗ ಮಾತ್ರ ನುಡಿ ತಂತ್ರಾಂಶಕ್ಕೆ ಒಗ್ಗಿದ ಕೈಗಳು ತಡವರಿಸುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ ಮೊದಲಿಗೆ ಸಿಗುವ ಕನ್ನಡ ವಿನ್ಯಾಸ ಇನ್‌ಸ್ಕ್ರಿಪ್ಟ್ ಮಾದರಿಯದು, ಅದರಲ್ಲಿ ನುಡಿಯ ಕೀಲಿಗಳು ಹೊಂದುವುದಿಲ್ಲ. ‘ಐಬಸ್-ಎಂ17ಎನ್’ ಪ್ಯಾಕೇಜನ್ನು ಸ್ಥಾಪಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಇನ್‌ಪುಟ್ ಸೋರ್ಸಸ್ ಕೆಳಗೆ ಕನ್ನಡ ಹುಡುಕಿದರೆ ‘ಕೆಜಿಪಿ’ ಎಂಬ ಆಯ್ಕೆ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿ, ಕರ್ನಾಟಕ ಸರ್ಕಾರ ಅಂಗೀಕರಿಸಿದ ವಿನ್ಯಾಸವನ್ನು ಅನುಸರಿಸುವುದು ಇದೇ. ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀಲಿಯೇ. ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಹಳೆಯ ನುಡಿ ಕಡತಗಳನ್ನು ತೆರೆದಾಗ ನೆತ್ತಿಯ ಮೇಲೆ ಗೆರೆ, ಚುಕ್ಕಿಗಳಿರುವ ರೋಮನ್ ಅಕ್ಷರಗಳ ರಾಶಿ ಕಂಡರೆ ಕಡತ ಕೆಟ್ಟಿಲ್ಲ. ಯುನಿಕೋಡ್‌ಗಿಂತ ಹಿಂದಿನ, ರೂಢಿಯಲ್ಲಿ ಆಸ್ಕಿ ಎನ್ನುವ ಸಂಕೇತ ಕ್ರಮದಲ್ಲಿ ಬರೆದ ಪಠ್ಯ ಅದು, ಆಯಾ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಓದುವುದಷ್ಟೇ ಬೇಕಿದ್ದರೆ ಆ ಫಾಂಟಿನ ಕಡತವನ್ನು ಹಳೆಯ ಗಣಕದಿಂದ ತಂದು ಎರಡು ಸಲ ಕ್ಲಿಕ್ಕಿಸಿ ಸ್ಥಾಪಿಸಿ. ತಿದ್ದಿ ಬಳಸಬೇಕಿದ್ದರೆ ಆಸ್ಕಿಯಿಂದ ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳ ಮೂಲಕ ಹಾಯಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ತಪ್ಪುಗಳು ಹೆಚ್ಚಾಗಿ ಉಳಿಯುವುದು ಅಲ್ಲಿಯೇ. ಅದು ಮುಗಿಯುವವರೆಗೆ ಮೂಲ ಕಡತವನ್ನು ಅಳಿಸಬೇಡಿ.