ಅಜ್ಜಿಯ ಬಗ್ಗೆ ಬರೆಯಬೇಕಾ? ಬುಟ್ಟಿಯಿಂದ ಶುರು ಮಾಡಿ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮನೆ, ದೀವರು ಸಮುದಾಯದವರು. ಅಜ್ಜಿ ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡಳು. ವರ್ಷದ ಕಾರ್ಯಕ್ಕೆ ಬಂದವರಿಗೆ ಕೊಡಲು ಅವಳ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದುಕೊಡು ಅಂತ ಮಾವಂದಿರು ಹೇಳಿದರು. ಮೊದಲ ದಿನ ನಾನು ಬರೆದದ್ದು ‘ಮಮತೆಯ ಮೂರ್ತಿ, ತ್ಯಾಗಮಯಿ’ ಅಂತ. ಅಮ್ಮ ಓದಿ, “ಇದ್ರಲ್ಲಿ ಅವ್ವ ಎಲ್ಲಿದ್ದಾಳೆ?” ಅಂದಳು. ಆ ಹಾಳೆ ಬಿಟ್ಟು ಬೇರೆ ಥರ ಹೊರಟೆ. ನಿಮ್ಮ ಮನೆಯಲ್ಲೂ ಇಂಥ ಕೆಲಸ ಇದ್ದರೆ ಉಪಯೋಗ ಆಗಲಿ ಅಂತ ಹೇಳುತ್ತಿದ್ದೇನೆ. ಅಜ್ಜಿ ಇನ್ನೂ ಇದ್ದರೆ ಕಾಯಬೇಡಿ, ಈ ವಾರವೇ ಹೋಗಿ ಕೂರಿ.

‘ಅಜ್ಜಿ ಹೇಗಿದ್ದಳು?’ ಅಂತ ಕೇಳಿದರೆ ‘ಒಳ್ಳೆಯವಳು’ ಅಂತ ಉತ್ತರ ಬರುತ್ತದೆ, ಅಷ್ಟೇ. ಪ್ರಶ್ನೆ ಬಿಡಿ, ಅವಳು ಬಳಸಿದ ಒಂದು ವಸ್ತು ಮುಂದಿಡಿ. ನಾನು ಅಟ್ಟದಿಂದ ಭೂಮಣ್ಣಿ ಬುಟ್ಟಿ, ಅಂದರೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿ, ಇಳಿಸಿ ದೊಡ್ಡಮ್ಮನ ಕೈಗೆ ಕೊಟ್ಟೆ. ಬಿದಿರಿನ ಬುಟ್ಟಿ, ಕೆಮ್ಮಣ್ಣು ಬಳಿದದ್ದು. ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನಿಂದ ಎಳೆದ ಚಿತ್ತಾರ. ದೊಡ್ಡಮ್ಮ ಅದನ್ನು ತಿರುಗಿಸುತ್ತಾ ಹೋದಳು. ಒಂದು ಕಡೆ ಕೂದಲೆಳೆಯಷ್ಟು ಸಣ್ಣ ಗೆರೆ. ಇನ್ನೊಂದು ಕಡೆ ಗೆರೆ ದಪ್ಪ, ಸ್ವಲ್ಪ ಸೊಟ್ಟ. “ಇದು ನಂದು. ಅವ್ವಂಗೆ ಕಣ್ಣು ಮಂಜಾದ ಮೇಲೆ ಪಕ್ಕದಲ್ಲಿ ಕೂತು ನನ್ನ ಕೈಲಿ ಬರೆಸಿದ್ಲು. ಬೆರಳಲ್ಲಿ ಮುಟ್ಟಿ ನೋಡೋಳು, ಗೆರೆ ಸರಿಯಾಗಿ ಬಂದಿದ್ಯಾ ಅಂತ.” ಆಮೇಲೆ ಒಂದು ಗಂಟೆ ಮಾತು ನಿಲ್ಲಲಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಸೊಪ್ಪಿನ ಕುಡಿ ಕೊಯ್ಯಲು ಅಜ್ಜಿ ಯಾವ ಬೇಲಿ, ಯಾವ ಗುಡ್ಡ ಹತ್ತುತ್ತಿದ್ದಳು, ರಾತ್ರಿಯಿಡೀ ಒಲೆ ಮುಂದೆ ಕೂತು ಬೆಳಕು ಹರಿಯುವ ಮೊದಲೇ ಮಕ್ಕಳನ್ನು ಎಬ್ಬಿಸಿ ಹೇಗೆ ಗದ್ದೆಗೆ ಕಳಿಸುತ್ತಿದ್ದಳು, ಎಲ್ಲಾ ಬಂತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಬೇಕು ಅನ್ನುವ ಹಬ್ಬ ಅದು. ಆರು ಸಲ ಬಸುರಿಯಾದ ಹೆಂಗಸು ಅದನ್ನು ಎಷ್ಟು ಮನಸ್ಸಿಟ್ಟು ಮಾಡಿರಬೇಕು ಅಲ್ವಾ?

ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಹಾಕಿ, ಹೇಳಿಯೇ ಹಾಕಿ. ಬರೆದುಕೊಳ್ಳುತ್ತಾ ಕೂತರೆ ಎದುರಿನವರ ಮುಖ ನೋಡಲು ಆಗುವುದಿಲ್ಲ.

ಇಸವಿ ಹಿಡಿಯುವುದು ಕಷ್ಟದ ಕೆಲಸ. ಆಧಾರ್ ಕಾರ್ಡನ್ನು ನಂಬಬೇಡಿ. ಅಜ್ಜಿಯದರಲ್ಲಿ ಜನವರಿ 1, 1942 ಅಂತಿದೆ. ಅವಳ ಅಣ್ಣನ ಹಳೇ ಲೆಕ್ಕದ ಪುಸ್ತಕದಲ್ಲಿ ‘ಈಶ್ವರ ಸಂವತ್ಸರ, ಶ್ರಾವಣ’ ಅಂತ ಸಿಕ್ಕಿತು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಈಶ್ವರ ಬಂದದ್ದು 1937ರ ಯುಗಾದಿಗೆ, ಆಮೇಲೆ 1997ಕ್ಕೆ. ಹಾಗಾಗಿ ಅಜ್ಜಿ ಹುಟ್ಟಿದ್ದು 1937ರ ಮಳೆಗಾಲ. ಒಂದು ಎಚ್ಚರ ಇರಲಿ: ಪುಷ್ಯ, ಮಾಘ ಅಂತಿದ್ದರೆ ಇಸವಿ ಸಾಮಾನ್ಯವಾಗಿ ಒಂದು ಮುಂದೆ ಹೋಗುತ್ತದೆ.

ಬರಹ ಸಿಗದಿದ್ದರೆ ಊರಿನ ದೊಡ್ಡ ಘಟನೆಗೆ ಕಟ್ಟಿ ಕೇಳಿ. ನಮ್ಮ ಕಡೆ ಗೇಣಿ ರೈತರ ಕಾಗೋಡು ಸತ್ಯಾಗ್ರಹ (1951), ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು (1964), ಗೇಣಿ ಭೂಮಿ ತಮ್ಮ ಹೆಸರಿಗಾಗಲಿ ಅಂತ ಡಿಕ್ಲರೇಷನ್ ಅರ್ಜಿ ಕೊಟ್ಟ ಕಾಲ (1974ರಿಂದ) ಇವು ಮರೆಯದ ಗುರುತು. “ಕಾಗೋಡು ಗಲಾಟೆ ಆಗಿ ಮೂರು ವರ್ಷಕ್ಕೆ ಮದುವೆ” ಅಂತ ಸಣ್ಣಜ್ಜಿ ಹೇಳಿದಳು. ಅಂದರೆ 1954, ಅಜ್ಜಿಗೆ ಹದಿನಾರೋ ಹದಿನೇಳೋ.

ಮುಳುಗಡೆ, ಅಂದರೆ ಅಣೆಕಟ್ಟಿನ ನೀರಿಗೆ ಊರು ಹೋದದ್ದರ ಬಗ್ಗೆ ನಿಧಾನಕ್ಕೆ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ನಾನು ಪಟ್ಟಿಯಲ್ಲಿ ಐದು ಮಕ್ಕಳ ಹೆಸರು ಬರೆದಿದ್ದೆ. ನಮಗೆಲ್ಲಾ ಗೊತ್ತಿದ್ದದ್ದು ಐದೇ. ಓದಿ ಹೇಳಿದಾಗ ಸಣ್ಣಜ್ಜಿ ಸುಮ್ಮನಾದಳು. ಆಮೇಲೆ, “ಎರಡನೆಯವನು ಎಲ್ಲಿ?” ಅಂದಳು. ಊರು ಬಿಟ್ಟು ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೊಸ ಜಾಗಕ್ಕೆ ಬಂದ ಮೊದಲ ಮಳೆಗಾಲ, ಜ್ವರ ಬಂದು ನಾಲ್ಕು ವರ್ಷದ ಹುಡುಗ ಹೋದನಂತೆ. ಅಜ್ಜಿ ಎಂದೂ ನಮ್ಮ ಹತ್ತಿರ ಹೇಳಲಿಲ್ಲ. ಇಂಥದ್ದು ಸಿಕ್ಕರೆ ಸೀದಾ ಪುಸ್ತಕಕ್ಕೆ ಹಾಕಬೇಡಿ. ಮೊದಲು ಅವರ ಮಕ್ಕಳಿಗೆ ಹೇಳಿ, ಒಪ್ಪಿಗೆ ಕೇಳಿ. ನಾನು ಎಲ್ಲರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿದೆ. ಚಿಕ್ಕ ಮಾವ ಅತ್ತರು. ಹಾಕು ಅಂದರು.

ಹಳೇ ಫೋಟೋಗಳನ್ನು ಚೌಕಟ್ಟಿನಿಂದ ಹೊರತೆಗೆದು, ಕಿಟಕಿ ಬೆಳಕಲ್ಲಿ, ಫ್ಲಾಶ್ ಇಲ್ಲದೆ ಫೋನಿನಲ್ಲಿ ತೆಗೆದುಕೊಳ್ಳಿ. ಹಿಂದೆ ಹೆಸರನ್ನು ಪೆನ್ಸಿಲಿನಲ್ಲಿ ಮೆತ್ತಗೆ ಬರೆಯಿರಿ, ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಅಡುಗೆ ಬರೆಯುವಾಗ ‘ಒಂದು ಹಿಡಿ’ ಅಂದರೆ ಚಿಕ್ಕಮ್ಮನ ಹಿಡಿಯನ್ನು ಬಟ್ಟಲಿಗೆ ಸುರಿಸಿ ಅಳೆಯಿರಿ.

ಮಾತನ್ನು ತಿದ್ದಬೇಡಿ. ಅಜ್ಜಿ ಫೋನ್ ಎತ್ತಿದ ಕೂಡಲೇ “ಉಂಡ್ಯಾ ಮಗಾ?” ಅನ್ನುತ್ತಿದ್ದಳು. ಅದನ್ನು ‘ಊಟ ಆಯಿತೇ’ ಅಂತ ಬರೆದರೆ ಅಜ್ಜಿ ಅಲ್ಲಿ ಇರುವುದಿಲ್ಲ. ಒಂದೇ ಸಂಗತಿಯನ್ನು ಇಬ್ಬರು ಬೇರೆ ಥರ ಹೇಳಿದರೆ ಎರಡನ್ನೂ ಹಾಕಿ, ಯಾರು ಹೇಳಿದ್ದು ಅಂತ ಬರೆಯಿರಿ.

ನಮ್ಮ ಪುಸ್ತಕ 24 ಪುಟ ಆಯಿತು. ಜೆರಾಕ್ಸ್ ಮಾಡಿಸಿ ಪಿನ್ ಹೊಡೆಸಿದೆವು. ಕೊನೆಯ ನಾಲ್ಕು ಪುಟ ಖಾಲಿ ಬಿಟ್ಟಿದ್ದೆ, ಬಂದವರು ಬರೆಯಲಿ ಅಂತ. ಕಾರ್ಯದ ದಿನ ಎಡೆ ಇಡುವಾಗ ದೊಡ್ಡಮ್ಮ ಅಜ್ಜಿಯ ಎಲೆಯ ಪಕ್ಕ ಒಂದು ಚಿಕ್ಕ ಎಲೆ ಹಾಕಿ, ಅದಕ್ಕೂ ಕಡುಬು ಬಡಿಸಿದಳು.